‘ಕಾರ್ನ್’ ಎಂದರೆ ಯಾವ ಧಾನ್ಯ?

ಇಂಗ್ಲಿಷಿನ ‘ಕಾರ್ನ್’ ಶಬ್ದಕ್ಕೆ ಮೆಕ್ಕೆಜೋಳ ಎಂಬ ಅರ್ಥ ಇಂದು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, ಹಳೆಯ ಪಠ್ಯಗಳನ್ನು ಓದುವಾಗಲೂ ಅದೇ ಮೊದಲು ಹೊಳೆಯುತ್ತದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಬರಗಾಲಕ್ಕೆ ಸಿಕ್ಕ ಯಾಕೋಬನ ಮಕ್ಕಳು ಐಗುಪ್ತಕ್ಕೆ ಹೋಗಿ ಕೊಳ್ಳುವುದು ‘ಕಾರ್ನ್’. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಯಾಕೋಬನ ಕಾಲದ ನೈಲ್ ದಡದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅಲ್ಲಿನ ಅರ್ಥ ಧಾನ್ಯ, ಅಷ್ಟೆ.

ಮೂಲದಲ್ಲಿ ಈ ಶಬ್ದ ಕಾಳನ್ನು ಸೂಚಿಸುತ್ತಿತ್ತು. ಕರಿಮೆಣಸಿನ ಕಾಳು ‘ಪೆಪ್ಪರ್‌ಕಾರ್ನ್’ ಆದದ್ದೂ, ಹರಳುಪ್ಪಿನಲ್ಲಿ ಹದಮಾಡಿದ ದನದ ಮಾಂಸ ‘ಕಾರ್ನ್ಡ್ ಬೀಫ್’ ಆದದ್ದೂ ಇದರಿಂದಲೇ. ಕಾಲಿನ ಆಣಿಗೆ ಹೇಳುವ ‘ಕಾರ್ನ್’ ಬೇರೆಯೇ ಶಬ್ದ. ಅದು ಕೊಂಬು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕಾಳಿನಿಂದ ಧಾನ್ಯಕ್ಕೆ, ಅಲ್ಲಿಂದ ಆಯಾ ಸೀಮೆಯ ಮುಖ್ಯ ಬೆಳೆಗೆ ಅರ್ಥ ಸರಿಯಿತು: ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಅಮೆರಿಕದಲ್ಲಿ ನೆಲೆಸಿದ ಇಂಗ್ಲಿಷರು ಮೂಲನಿವಾಸಿಗಳ ಬೆಳೆಯನ್ನು ‘ಇಂಡಿಯನ್ ಕಾರ್ನ್’ ಎಂದರು. ಕ್ರಮೇಣ ವಿಶೇಷಣ ಉದುರಿತು. ನಮ್ಮಲ್ಲೂ ಹೊಸ ಬೆಳೆ ಹಳೆಯ ಹೆಸರನ್ನೇ ಹೊತ್ತು ಗೋವಿನಜೋಳ, ಮುಸುಕಿನಜೋಳ ಎನಿಸಿಕೊಂಡಿತು. ಆದರೆ ಉತ್ತರ ಕರ್ನಾಟಕದಲ್ಲಿ ಬರಿಯ ‘ಜೋಳ’ ಎಂದರೆ ಈಗಲೂ ರೊಟ್ಟಿಯ ಜೋಳವೇ.

ಇಂಗ್ಲಿಷಿನ ಎರಡು ಅರ್ಥಗಳು ಎದುರುಬದುರಾದದ್ದು ಐರ್ಲೆಂಡಿನ ಕ್ಷಾಮದಲ್ಲಿ. ಬ್ರಿಟನ್ನಿನ 1815ರ ‘ಕಾರ್ನ್ ಲಾ’ ಪ್ರಕಾರ ದೇಶೀ ಗೋಧಿಯ ಬೆಲೆ ಕ್ವಾರ್ಟರ್ ಎಂಬ ಅಳತೆಗೆ 80 ಶಿಲಿಂಗ್ ಮುಟ್ಟುವ ತನಕ ವಿದೇಶಿ ಗೋಧಿಯನ್ನು ಮಾರುವಂತಿರಲಿಲ್ಲ. ಮುಂದೆ ನಿಯಮಗಳು ಬದಲಾದರೂ ಕಾಯಿದೆ ಉಳಿಯಿತು. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿದಾಗ ಪ್ರಧಾನಿ ರಾಬರ್ಟ್ ಪೀಲ್ 1 ಲಕ್ಷ ಪೌಂಡ್ ಬೆಲೆಯ ‘ಇಂಡಿಯನ್ ಕಾರ್ನ್’ ಅನ್ನು ಅಮೆರಿಕದಿಂದ ಗುಟ್ಟಾಗಿ ತರಿಸಿದ. ಅದರ ವ್ಯಾಪಾರ ಐರ್ಲೆಂಡಿನಲ್ಲಿ ಇಲ್ಲದಂತೆಯೇ ಇದ್ದುದರಿಂದ ವರ್ತಕರಿಗೆ ಧಕ್ಕೆಯಾಗದು ಎಂಬುದು ಅವನ ಲೆಕ್ಕ. ಆದರೆ ಆ ಗಟ್ಟಿ ಕಾಳನ್ನು ಬೀಸಲು ತಕ್ಕ ಗಿರಣಿಗಳಿರಲಿಲ್ಲ, ಬೇಯಿಸುವ ಬಗೆ ಜನಕ್ಕೆ ತಿಳಿದಿರಲಿಲ್ಲ. ಅರೆಬೆಂದದ್ದನ್ನು ತಿಂದವರು ಹೊಟ್ಟೆನೋವಿನಿಂದ ನರಳಿದರು. ಹಳದಿ ಹಿಟ್ಟಿಗೆ ‘ಪೀಲನ ಗಂಧಕ’ ಎಂಬ ಹೆಸರು ಬಿತ್ತು. 1846ರಲ್ಲಿ ಕಾರ್ನ್ ಲಾಗಳ ರದ್ದತಿಗೂ ಪೀಲನೇ ಸಂಸತ್ತಿನ ಒಪ್ಪಿಗೆ ಪಡೆದ.

ಕಾಯಿದೆಯ ಹೆಸರಿನಲ್ಲಿರುವ ‘ಕಾರ್ನ್’ ಧಾನ್ಯಗಳಿಗೆಲ್ಲ ಸಲ್ಲುವಂಥದು, ಅದರಲ್ಲೂ ಗೋಧಿಗೆ. ಹಸಿದವರಿಗೆ ಸಿಕ್ಕಿದ್ದು ಮೆಕ್ಕೆಜೋಳ. ಕನ್ನಡದಲ್ಲಿ ಮೊದಲನೆಯದನ್ನು ‘ಧಾನ್ಯ ಕಾಯಿದೆ’ ಎಂದೇ ಬರೆಯಬೇಕು. ಎರಡಕ್ಕೂ ಒಂದೇ ಹೆಸರು ಹಾಕಿದರೆ, ಪೀಲ್ ಗೋಧಿಯನ್ನು ಬಿಟ್ಟು ಯಾರಿಗೂ ಪರಿಚಯವಿಲ್ಲದ ಕಾಳನ್ನು ಏಕೆ ತರಿಸಿದನೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ.