ಎಕ್ಕಡ, ಬೂಟು ಮತ್ತು ಖಾಕಿ ಪ್ಯಾಂಟು

ಕಳೆದ ತಿಂಗಳು ವಿಚಾರ ಸಂಕಿರಣವೊಂದರಿಂದ ಬಂದ ಆಹ್ವಾನದ ಕೊನೆಯಲ್ಲಿ ‘ಉಡುಪು: ಸ್ಮಾರ್ಟ್ ಕ್ಯಾಶುವಲ್’ ಎಂದಿತ್ತು. ಸಾಸಲಿನ ಮನೆಯಲ್ಲಿ ಅದನ್ನು ಓದಿ ಹೇಳಿದಾಗ ತಾತ ಕೇಳಿದ್ದು ಒಂದೇ ಪ್ರಶ್ನೆ: “ಕಾಲಿಗೇನು ಹಾಕ್ಕೋಬೇಕಂತೆ?”

ಸೂಟಿನಷ್ಟು ಬಿಗಿಯಲ್ಲದ, ಲುಂಗಿಯಷ್ಟು ಸಡಿಲವೂ ಅಲ್ಲದ ನಡುವಿನ ಉಡುಪು ಇದು. ಕಾಲರ್ ಇರುವ ಅಂಗಿ, ಚೀನೋಸ್ ಪ್ಯಾಂಟು, ಬೇಕಿದ್ದರೆ ಮೇಲೊಂದು ಬ್ಲೇಜರ್, ಟೈ ಬೇಡ. ಕಾಲಿಗೆ ಲೇಸಿಲ್ಲದ ಲೋಫರ್ ಅಥವಾ ಡರ್ಬಿ. ಲೇಸು ಕಟ್ಟುವ ಎರಡು ಪಟ್ಟಿಗಳು ಮೇಲುಗಡೆ ಬಿಡಿಯಾಗಿದ್ದರೆ ಅದು ಡರ್ಬಿ. ಮುಂಭಾಗದ ಚರ್ಮದಡಿ ಹೊಲಿದು ಮುಚ್ಚಿದ್ದರೆ ಆಕ್ಸ್‌ಫರ್ಡ್. ಆಕ್ಸ್‌ಫರ್ಡ್ ಸೂಟಿಗೆ ಒಪ್ಪುವಂಥದ್ದು.

ನಡುವಿನ ಉಡುಪು ನಮಗೆ ಹೊಸದೇನಲ್ಲ. ಹಳೆಯ ಮೈಸೂರಿನ ಮೇಷ್ಟರ, ವಕೀಲರ ಫೋಟೊಗಳನ್ನು ನೋಡಿ: ಕೆಳಗೆ ಕಚ್ಚೆಪಂಚೆ, ಮೇಲೆ ಕೋಟು, ತಲೆಗೆ ಪೇಟ, ಕಾಲಿಗೆ ಬೂಟು ಇಲ್ಲವೇ ಚಡಾವು. ಚೀನೋಸ್ ಕೂಡ ಪೂರ್ತಿ ಪರದೇಶಿಯಲ್ಲ. ಅದರ ಹಿರಿಯಣ್ಣ ಖಾಕಿ. ‘ಖಾಕ್’ ಎಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಹುಟ್ಟಿದ ಗೈಡ್ಸ್ ಪಡೆ ಈ ಬಣ್ಣ ತೊಟ್ಟಿತು. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಖಾಕಿ ಬಣ್ಣ ಸಿದ್ಧಪಡಿಸಿದರೆಂದು ಕರಾವಳಿಯವರು ಹೇಳುತ್ತಾರೆ. ಎರಡನೇ ಮಹಾಯುದ್ಧ ಮುಗಿಸಿ ಕಾಲೇಜಿಗೆ ಸೇರಿದ ಅಮೆರಿಕದ ಸೈನಿಕರು ಅಂಥದ್ದೇ ಪ್ಯಾಂಟು ಹಾಕಿಕೊಂಡೇ ತರಗತಿಗೆ ಹೋದರು. ಸಿಪಾಯಿಯ ಬಟ್ಟೆ ಬಿಡುವಿನ ಬಟ್ಟೆಯಾಯಿತು.

ಪಾದರಕ್ಷೆಯ ಚರಿತ್ರೆ ಇಷ್ಟು ಸಲೀಸಲ್ಲ. ಸಾಹೇಬರ ಮುಂದೆ ಭಾರತೀಯರು ಜೋಡು ಬಿಟ್ಟೇ ನಿಲ್ಲಬೇಕಿತ್ತು. 1854ರಲ್ಲಿ ಡಾಲ್‌ಹೌಸಿಯ ಸರ್ಕಾರ ಒಂದು ವಿನಾಯಿತಿ ಕೊಟ್ಟಿತು: ಐರೋಪ್ಯ ಮಾದರಿಯ ಬೂಟು ಹಾಕಿದ್ದರೆ ಬಿಚ್ಚಬೇಕಿಲ್ಲ. ದೇಶಿ ಜೋಡಿಗೆ ಆ ಸವಲತ್ತಿಲ್ಲ. ಅದೇ ಮನುಷ್ಯ, ಅದೇ ಬಾಗಿಲು. ಹೊಲಿಗೆ ಬೇರೆಯಾದರೆ ಮರ್ಯಾದೆಯೂ ಬೇರೆ.

ಈ ಆದೇಶ ಕಾಗದದ ಮೇಲಿರುವುದರಿಂದ ನನ್ನಂಥ ಸಂಶೋಧಕನಿಗೆ ಸಿಗುತ್ತದೆ. ತಾತನ ಬಾಲ್ಯದ ಆದೇಶವನ್ನು ಯಾರೂ ಬರೆದಿಡಲಿಲ್ಲ. ನೆಂಟರ ಹಳ್ಳಿಗೆ ಹೋಗುವಾಗ ಮೇಲಿನ ಕೇರಿ ಬರುತ್ತಿದ್ದಂತೆ ಅವರಪ್ಪ ಎಕ್ಕಡ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರಂತೆ. ಕೇರಿ ದಾಟಿದ ಮೇಲೆ ಮತ್ತೆ ಕಾಲಿಗೆ. ಎಕ್ಕಡ ಹೊಲಿದವರೂ ಅವರೇ. ಬಸವಣ್ಣನಿಗೆ ತನ್ನ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯನ ಕಥೆಯನ್ನು ನಾನು ಮೊದಲು ಕೇಳಿದ್ದು ತಾತನ ಬಾಯಲ್ಲೇ.

ಅಥಣಿ, ನಿಪ್ಪಾಣಿ ಕಡೆಯೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು; ಕರ್ನಾಟಕದ 4, ಮಹಾರಾಷ್ಟ್ರದ 4 ಜಿಲ್ಲೆಗಳಿಗೆ ಅದು ಸೇರಿದೆ. 2025ರಲ್ಲಿ ಅಂಥದ್ದೇ ಚಪ್ಪಲಿ ಪ್ರಾಡಾ ಹೆಸರಿನಲ್ಲಿ ಮಿಲಾನಿನ ವೇದಿಕೆ ಏರಿದಾಗ ಮೊದಲಿಗೆ ಮೂಲದ ಉಲ್ಲೇಖವಿರಲಿಲ್ಲ. ಗದ್ದಲವಾದ ಮೇಲೆ ಕಂಪನಿ ಒಪ್ಪಿಕೊಂಡಿತು. ಚಪ್ಪಲಿಗೆ ಗೌರವ ಬಂದ ಮೇಲೂ ಹೊಲಿದವರ ಹೆಸರು ಬರುವುದು ತಡವೇ.

ಸಂಕಿರಣಕ್ಕೆ ನಾನು ಕಂದು ಬಣ್ಣದ ಡರ್ಬಿ ಕೊಂಡೆ. ಹೊರಡುವ ದಿನ ಲೇಸು ಕಟ್ಟುತ್ತಿದ್ದಾಗ ತಾತ ಪಕ್ಕದಲ್ಲೇ ಕೂತು ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿ, “ಗಟ್ಟಿಯಾಗೈತೆ” ಅಂದರು. ಆಮೇಲೆ ನಗುತ್ತಾ, “ಬಿಚ್ಚು ಅಂದ್ರೂ ಬೇಗ ಬಿಚ್ಚೋಕಾಗಲ್ಲ ಬಿಡು.”