ನಮ್ಮ ಎರೆಭೂಮಿಯ ಹತ್ತಿ ತಳಿಗಳು



ಬಾಬಾಬುಡನ್‌ಗಿರಿಗೆ ಕಾಫಿ ಗಿಡ ಹೊರನಾಡಿನಿಂದ ಬಂದಂತೆ ನಮ್ಮ ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಸೀಮೆಗೆ ಅಮೆರಿಕನ್ ಹತ್ತಿ ಬಂತು. 1840ರ ದಶಕದಲ್ಲಿ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅದನ್ನು ಬಿತ್ತಿಸಿತು. ಮುಂದೆ ಅದರಿಂದ ಆರಿಸಿ ತೆಗೆದದ್ದೇ 'ಗದಗ-1' ತಳಿ. ಜವಾರಿ ಹತ್ತಿ ಅದಕ್ಕೂ ಹಳೆಯದು. ಆ ವಂಶದ ಜಯಧರ ತಳಿ ನಮ್ಮ ಹಿರಿಯರ ಕೈಹಿಡಿಯಿತು. ಎಳೆ ಗಿಡ್ಡ, ದರ ಕಡಿಮೆ. ಆದರೆ ಬರ ತಾಳುತ್ತದೆ, ಸೊರಗು ರೋಗಕ್ಕೆ ಜಗ್ಗೂದಿಲ್ಲ.

ಹಿರಿಯರು ಹತ್ತಿ ಒಂದನ್ನೇ ನಂಬಿ ಕೂಡಲಿಲ್ಲ. ಮುಂಗಾರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ; ಅದೇ ಹೊಲದ ಸಾಲುಗಳ ನಡುವೆ ಆಮೇಲೆ ಹತ್ತಿ. ಮೊದಲು ಉಳ್ಳಾಗಡ್ಡಿ ಕೈಗೆ ಬರುತ್ತಿತ್ತು, ನಂತರ ಮೆಣಸಿನಕಾಯಿ, ಬೇಸಿಗೆ ಮುಂದೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು.

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ, 1981ರಲ್ಲಿ ಡಿ.ಸಿ.ಎಚ್.-32 ಸಂಕರಣ ತಳಿಗಳು ಬಂದವು. ಎಳೆ ಉದ್ದ, ಇಳುವರಿ ಹೆಚ್ಚು. ಆದರೆ ವರ್ಷಾ ಬೀಜ ಕೊಳ್ಳಬೇಕು, ಔಷಧಿ ಹೊಡೆಯಬೇಕು. 2002ರಲ್ಲಿ ಬಿಟಿ ಹತ್ತಿಗೆ ಸರಕಾರ ಒಪ್ಪಿಗೆ ಕೊಟ್ಟಿತು. ವರ್ಷಗಳು ಕಳೆದಂತೆ ಗುಲಾಬಿ ಕಾಯಿಕೊರಕ ಅದಕ್ಕೂ ಮಣಿಯದಾಯಿತು.

1905ರಲ್ಲಿ ನಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಲಕ್ಕಾಗಿ ಸಾಹುಕಾರನ ಬಾಗಿಲು ಕಾಯಬಾರದೆಂದು. ಬೀಜಕ್ಕಾಗಿ ಪರರ ಬಾಗಿಲು ಕಾಯುವುದೂ ಅಂಥದ್ದೇ. ಸಂಕರಣ ಬೆಳೆಯುವವರು ಬೆಳೆಯಲಿ, ಬೇಡವೆನ್ನುವುದಿಲ್ಲ. ಆದರೆ ಅನುಕೂಲವಿದ್ದ ಸದಸ್ಯರು ಒಂದೆಕರೆ ಜಯಧರ ಬಿತ್ತಿ, ಬೇರೆ ಹತ್ತಿಯೊಡನೆ ಬೆರೆಸದೆ ಬೀಜ ಉಳಿಸಿ, ಬೇಕಾದವರಿಗೆ ಹಂಚಬೇಕೆಂದು ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ವಿನಂತಿಸುತ್ತೇವೆ.