ಪೆಂಗ್ವಿನ್ನಿನ ಋಣ

ಪೆಂಗ್ವಿನ್ ಬರೆಯಿರಿ ಎಂದರೆ ಮಕ್ಕಳು ಮೊದಲು ಹಿಮ ಬರೆಯುತ್ತಾರೆ. ಹಿಮಗಡ್ಡೆಗಳಿಂದ ದೂರದ ದ್ವೀಪಗಳಲ್ಲೂ ಈ ಹಕ್ಕಿಗಳಿವೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪಸಮೂಹವಿದೆ. ಕೇಪ್‌ಟೌನಿನಿಂದ ಸುಮಾರು 2,800 ಕಿಲೋಮೀಟರು. ವಿಮಾನವಿಲ್ಲ, ಹಡಗಿನಲ್ಲಿ ಸುಮಾರು ಒಂದು ವಾರದ ದಾರಿ. ಕಣ್ಣಿನ ಮೇಲೆ ಹಳದಿ ಗರಿಗಳ ಜುಟ್ಟಿರುವ ಉತ್ತರದ ರಾಕ್‌ಹಾಪರ್ ಪೆಂಗ್ವಿನ್‌ಗಳಲ್ಲಿ ಬಹುಪಾಲು ಮರಿ ಮಾಡುವುದು ಇಲ್ಲಿ ಮತ್ತು ದಕ್ಷಿಣದ ಗಾಫ್ ದ್ವೀಪದಲ್ಲಿ. ಇಂದು ಅವು ಅಳಿವಿನಂಚಿನ ಹಕ್ಕಿಗಳು.

1816ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯದ ತುಕಡಿ ಇಟ್ಟರು. ಮರುವರ್ಷ ಅದು ಹಿಂದಿರುಗಿದಾಗ ವಿಲಿಯಂ ಗ್ಲಾಸ್ ಎಂಬ ಸೈನಿಕ ಹೆಂಡತಿ ಮಕ್ಕಳೊಡನೆ ಉಳಿದುಕೊಂಡ. 1827ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಕೆಲವು ಹೆಂಗಸರು ಬಂದ ಮೇಲೆ ಅಲ್ಲಿ ಇನ್ನಷ್ಟು ಸಂಸಾರಗಳಾದವು. ಪೆಂಗ್ವಿನ್ನಿನ ಮೊಟ್ಟೆ ಅವರ ಊಟವಾಯಿತು, ಕೊಬ್ಬು ಎಣ್ಣೆಯಾಯಿತು, ಹಳದಿ ಜುಟ್ಟು ಚಾಪೆಗೆ ಅಲಂಕಾರವಾಯಿತು. ಅವರನ್ನು ದೂರುವುದು ಸುಲಭ. ಆದರೆ ವರ್ಷಕ್ಕೆ ಎಂದೋ ಒಮ್ಮೆ ಹಡಗು ಬರುವ ಊರಿನಲ್ಲಿ ಮಕ್ಕಳ ತಟ್ಟೆಗೆ ಏನು ಬಡಿಸಬೇಕೆಂಬ ಚಿಂತೆ ಹೆಂಗಸರಾದ ನಮಗೆ ಅರ್ಥವಾಗದೇ?

2011ರ ಮಾರ್ಚ್ 16ರಂದು, ಬ್ರೆಜಿಲಿನಿಂದ ಸಿಂಗಪುರಕ್ಕೆ ಸೋಯಾ ಒಯ್ಯುತ್ತಿದ್ದ ‘ಒಲಿವಾ’ ಹಡಗು ಇಲ್ಲಿನ ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿಯಿತು. 22 ಮಂದಿ ಸಿಬ್ಬಂದಿಯೂ ಪಾರಾದರು; ಹಡಗು ಒಡೆದು ಎಣ್ಣೆ ಕಡಲಿಗೆ ಹರಿಯಿತು. ಎಣ್ಣೆ ಮೆತ್ತಿದ ಗರಿ ನೀರನ್ನು ತಡೆಯದು. ಹಕ್ಕಿ ಚಳಿಗೆ ಸೋಲುತ್ತದೆ. ಕೊಕ್ಕಿನಿಂದ ಗರಿ ತೀಡಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ.

ಮುನ್ನೂರು ಜನವೂ ಇಲ್ಲದ ಊರು ಆಗ ಕೆಲಸಕ್ಕಿಳಿಯಿತು. ಸುಮಾರು 3,700 ಹಕ್ಕಿಗಳನ್ನು ದೋಣಿಗಳಲ್ಲಿ ತಂದರು. ಮನೆಯ ಫ್ರೀಜರಿನಲ್ಲಿದ್ದ ಮೀನು ಕೊಟ್ಟರು. ಊರಿನ ಈಜುಕೊಳ ಪೆಂಗ್ವಿನ್‌ಗಳಿಗೆ ಮೀಸಲಾಯಿತು. ದಕ್ಷಿಣ ಆಫ್ರಿಕಾದಿಂದ ತಜ್ಞರು ಹಡಗಿನಲ್ಲಿ ಬಂದು ಸೇರಿದರು. ಇಷ್ಟೆಲ್ಲ ಆರೈಕೆಯಾದರೂ ಮರಳಿ ಕಡಲಿಗೆ ಹೋದದ್ದು ಹತ್ತರಲ್ಲಿ ಒಂದೇ ಹಕ್ಕಿ.

ಅಜ್ಜ ಅಜ್ಜಿಯರ ಹೊಟ್ಟೆ ತುಂಬಿಸಿದ ಹಕ್ಕಿಯ ಋಣವನ್ನು ಮೊಮ್ಮಕ್ಕಳು ತೀರಿಸಲು ಹೊರಟರು ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಆ ಹತ್ತರಲ್ಲಿ ಒಂದರ ಲೆಕ್ಕವನ್ನೂ ಬಿಡದೆ ಹೇಳುತ್ತೇನೆ. ಗಾಯವಾದ ಮೇಲಿನ ದಯೆ ದೊಡ್ಡದು, ಆದರೆ ಸಾಲದು. 2020ರಲ್ಲಿ ಆ ದ್ವೀಪದವರು ತಮ್ಮ ಸುತ್ತಲಿನ ಸುಮಾರು 6,87,000 ಚದರ ಕಿಲೋಮೀಟರು ಕಡಲನ್ನು ಸಂರಕ್ಷಿತ ವಲಯವೆಂದು ಸಾರಿ, ಅದರ ಬಹುಭಾಗದಲ್ಲಿ ಮೀನುಗಾರಿಕೆ ನಿಲ್ಲಿಸಿದರು. ಮೀನನ್ನೇ ನಂಬಿದ ಊರು ಹಾಗೆ ಮಾಡಿತು. ದೂರದ ಹಡಗುಗಳೂ ಆ ಬಂಡೆಗಳಿಂದ ದೂರವೇ ಸಾಗುವುದನ್ನು ಕಲಿಯಬೇಕು.